ಹಿಂಡಿ ಡಬ್ಬಿಯ ಬಾಡಿಗೆದಾರ

ನಾವು ಎಡೆದೊರೆ ನಾಡಿನವರು. ಆ ಕಡೆ ಕೃಷ್ಣೆ, ಈ ಕಡೆ ತುಂಗಭದ್ರೆ, ನಡುವೆ ನಾವು. ಕೇಳಿದವರಿಗೆ ನೀರಲ್ಲೇ ಈಜಾಡುವ ಜನ ಅನ್ನಿಸಬೇಕು. ಆದರೆ ಸಿಂಧನೂರಿನವನಾದ ನನಗೆ ಗೊತ್ತಿದ್ದ ದೊಡ್ಡ ನೀರು ಅಂದರೆ ಎಡದಂಡೆ ಕಾಲುವೆ. ಅದೂ ಕೊನೇ ಭಾಗದ ಹೊಲಕ್ಕೆ ಬಂದರೆ ಬಂತು, ಇಲ್ಲದಿದ್ದರೆ ರಸ್ತೆ ಮೇಲೆ ಧರಣಿ. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ್ದಕ್ಕೆ ಮಗ ಅಂಡಮಾನಿಗೆ ಟಿಕೆಟ್ ತೆಗೆಸಿ, "ನಾಲ್ಕೂ ಕಡಿ ನೀರು ನೋಡಿ ಬರ್ರಿ" ಅಂದ. ಜೊತೆಗೆ ಬಳ್ಳಾರಿಯಿಂದ ಆರು ಜೇಬಿನ ಒಂದು ಪ್ಯಾಂಟನ್ನೂ ತಂದುಕೊಟ್ಟ. ಅವರಮ್ಮ, ಅಂದರೆ ನಮ್ಮಾಕಿ, ನಲವತ್ತು ಕಟಕ್ ರೊಟ್ಟಿ, ಒಂದು ಸ್ಟೀಲ್ ಡಬ್ಬಿ ತುಂಬ ಶೇಂಗಾ ಹಿಂಡಿ (ಚಟ್ನಿಪುಡಿ) ಕಟ್ಟಿಕೊಂಡಳು.

ಮೊದಲ ನಾಲ್ಕು ದಿನದ ಕಥೆ ಬೇಡ. ರಾಧಾನಗರ ಬೀಚಿನಲ್ಲಿ ಪ್ಯಾಂಟು ಮಡಚಿಕೊಂಡು ನಿಂತ ಫೋಟೋ ನಿಮ್ಮ ನೆಂಟರೂ ಕಳಿಸಿರುತ್ತಾರೆ. ಹೇಳಬೇಕಾದ್ದು ಶಹೀದ್ ದ್ವೀಪದಲ್ಲಿ ಕಳೆದ ಕೊನೆಯ ದಿನಗಳದ್ದು. ಮೊದಲು ಅದರ ಹೆಸರು ನೀಲ್. 2018ರಲ್ಲಿ ಬದಲಾಯಿತು, ಆದರೆ ನಮ್ಮ ಆಟೋದವನ ಬಾಯಲ್ಲಿ ಇನ್ನೂ ಬದಲಾಗಿರಲಿಲ್ಲ. ದ್ವೀಪವೆಲ್ಲ ಸೇರಿ ಸುಮಾರು 14 ಚದರ ಕಿಲೋಮೀಟರ್. ಭರತಪುರ, ಲಕ್ಷ್ಮಣಪುರ, ಸೀತಾಪುರ, ರಾಮನಗರ ಅಂತ ಬೋರ್ಡು ಓದುತ್ತ ಬಂದ ನಮ್ಮಾಕಿ, "ಎಲ್ಲಾರೂ ಇಲ್ಲೇ ಅದಾರಲ್ರೀ, ಹನುಮಪ್ಪ ಎಲ್ಲಿ?" ಅಂದಳು.

"ಅವ ನಮ್ಮ ಗಂಗಾವತಿ ಕಡಿ. ಅಂಜನಾದ್ರಿ ಬಿಟ್ಟು ಬರಂಗಿಲ್ಲ."

ಅಲ್ಲಿನ ಜನ ಹೆಚ್ಚಾಗಿ ಬಂಗಾಳಿಗಳು. ನಮ್ಮ ಸಿಂಧನೂರು ಸುತ್ತಲಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲೂ ಬಂಗಾಳಿಗಳೇ ಇರುವುದರಿಂದ ನಮ್ಮಾಕಿಗೆ ಸಂತೆಯ ಬಂಗಾಳಿ ಚೂರುಪಾರು ಬರುತ್ತದೆ. ಲಾಡ್ಜಿನ ಯಜಮಾನತಿ ಚಹಾ ತಂದಾಗ ನಮ್ಮಾಕಿ "ಕೊತೊ?" ಅಂದಳು. ಎಷ್ಟು ಅಂತ. ಪಾಪ, ಆಕೆ ಪುಕ್ಕಟೆ ಕೊಡಲು ತಂದಿದ್ದ ಚಹಾ. ಹದಿನೈದು ರೂಪಾಯಿ ತೆಗೆದುಕೊಂಡು ಹೋದಳು.

ಆ ಸಂಜೆ ಲಕ್ಷ್ಮಣಪುರದಲ್ಲಿ ಸೂರ್ಯ ಮುಳುಗುವುದನ್ನು ನೋಡಬೇಕಿತ್ತು. ಡಿಸೆಂಬರ್ ಮೊದಲ ವಾರ. ಊರಿನ ಲೆಕ್ಕದಲ್ಲಿ ಐದೂಕಾಲಿಗೆ ಹೊರಟರೆ ಸಾಕು ಅಂದುಕೊಂಡು ನಾನು ಹೊರಳಿ ಮಲಗಿದೆ. ದ್ವೀಪ ನಮಗಿಂತ ಅಷ್ಟು ಪೂರ್ವಕ್ಕಿದ್ದರೂ ಗಡಿಯಾರ ಮಾತ್ರ ನಮ್ಮದೇ. ಹಾಗಾಗಿ ಅಲ್ಲಿ ಸೂರ್ಯ ನಮ್ಮೂರಿಗಿಂತ ಸುಮಾರು ಒಂದು ತಾಸು ಮೊದಲೇ ಕೆಲಸ ಮುಗಿಸಿಬಿಡುತ್ತಾನೆ. ನಾವು ಹೋಗಿ ಮುಟ್ಟಿದಾಗ ಫೋಟೋ ತೆಗೆದವರೆಲ್ಲ ಕಾಲಿನ ಮರಳು ಝಾಡಿಸುತ್ತಿದ್ದರು. ನಮ್ಮಾಕಿ ನನ್ನ ಮುಖ ನೋಡಲಿಲ್ಲ. ಕತ್ತಲಲ್ಲೇ ಬಗ್ಗಿ ಶಂಖ, ಚಿಪ್ಪು ಆರಿಸತೊಡಗಿದಳು. ಸಿಟ್ಟು ಬಂದಾಗ ಆಕೆ ಅಕ್ಕಿ ಆರಿಸುವುದೂ ಹೀಗೇ.

"ಹವಳ ಗಿವಳ ಒಯ್ಯೂದು ಅಪರಾಧ. 1972ರ ವನ್ಯಜೀವಿ ಕಾಯ್ದೆ ಐತಿ. ಏರ್‌ಪೋರ್ಟ್‌ನಾಗ ಹಿಡೀತಾರ" ಅಂತ ದೋಣಿಯವನಿಂದ ಕೇಳಿದ್ದನ್ನು ನನ್ನದೇ ಜ್ಞಾನದಂತೆ ಒದರಿದೆ. "ಈ ದ್ವೀಪದ ಒಂದು ಸಾಮಾನೂ ನಾವು ಒಯ್ಯಬಾರದು."

"ಸೂರ್ಯನ್ನಂತೂ ಒಯ್ಯಲಿಲ್ಲ ಬಿಡ್ರಿ."

ರಾತ್ರಿ ಎರಡಕ್ಕೆ ಎಚ್ಚರವಾಯಿತು. ಕರ್... ಕರ್... ಟಣ್. ಇಲಿ ಅಂದುಕೊಂಡು ದೀಪ ಹಾಕಿದೆ. ಮೇಜಿನ ಮೇಲೆ ಹಿಂಡಿ ಡಬ್ಬಿ. ಉಳಿದ ಹಿಂಡಿಯನ್ನು ಕವರಿಗೆ ಸುರಿದು, ಡಬ್ಬಿಗೆ ಚಿಪ್ಪು ತುಂಬಿ, ತೇವ ಆರಲಿ ಅಂತ ಮುಚ್ಚಳ ತೆಗೆದಿಟ್ಟಿದ್ದಳು. ಅದರೊಳಗೆ ನಿಂಬೆಹಣ್ಣಿನ ಗಾತ್ರದ ಒಂದು ಶಂಖ ಸ್ಟೀಲಿನ ಗೋಡೆ ಹತ್ತುತ್ತಿತ್ತು, ಟಣ್ ಅಂತ ಬೀಳುತ್ತಿತ್ತು, ಮತ್ತೆ ಹತ್ತುತ್ತಿತ್ತು. ಕೆಳಗೆ ಕಾಲುಗಳು. ಕಾಲಿಗೆಲ್ಲ ಕೆಂಪಗೆ ಹಿಂಡಿ. ಕಡ್ಡಿಯ ತುದಿಯಲ್ಲಿದ್ದ ಎರಡು ಕಣ್ಣು ನನ್ನನ್ನೇ ನೋಡುತ್ತಿದ್ದವು. ಖಾರ ಹತ್ತಿರಬೇಕು.

ನಾನು ಮಂಚದ ಮೇಲೆ ನಿಂತು ವಿಷಯ ವಿವರಿಸಿದೆ. ಇದು ಸನ್ಯಾಸಿ ಏಡಿ. ಬೆನ್ನ ಮೇಲೆ ಹೊತ್ತ ಶಂಖ ಇದರದಲ್ಲ. ಯಾವುದೋ ಸತ್ತ ಜೀವಿ ಬಿಟ್ಟುಹೋದ ಖಾಲಿ ಶಂಖ ಹುಡುಕಿ ಹೊಗುತ್ತದೆ. ಮೈ ಬೆಳೆದಂತೆ ಇನ್ನೂ ದೊಡ್ಡದು ಹುಡುಕಿಕೊಂಡು ಹೋಗುತ್ತದೆ.

"ಅಂದ್ರ ಬಾಡಿಗಿ ಮನಿಯವ" ಅಂದಳು ನಮ್ಮಾಕಿ, ಡಬ್ಬಿಯೊಳಗೆ ಬಗ್ಗಿ ನೋಡುತ್ತ.

ಈ ಮಾತಿನ ತೂಕ ನನಗೆ ಗೊತ್ತಿತ್ತು. ಹತ್ತೊಂಬತ್ತು ವರ್ಷದಲ್ಲಿ ನಾವು ಏಳು ಬಾಡಿಗೆ ಮನೆ ಬದಲಿಸಿದ್ದೇವೆ. ಒಮ್ಮೆಯಂತೂ ಮಗನ ಪರೀಕ್ಷೆ ನಡೆದಿದ್ದಾಗ ಮಾಲೀಕರು ತಮ್ಮ ಅಳಿಯ ಬರುತ್ತಾನೆಂದು ವಾರದ ಗಡುವು ಕೊಟ್ಟಿದ್ದರು. ಅಳಿಯ ಇವತ್ತಿನವರೆಗೂ ಬಂದಿಲ್ಲ.

"ಉಳಿದ ಚಿಪ್ಪೂ ಬ್ಯಾಡ. ಯಾರಿಗರ ಮನಿ ಆಗ್ತಾವ" ಅಂದಳು. ರಾತ್ರಿ ಎರಡೂವರೆಗೆ ನಾನು ಮೊಬೈಲ್ ಟಾರ್ಚ್ ಹಿಡಿದು ಮುಂದೆ, ಆಕೆ ಡಬ್ಬಿ ಹಿಡಿದು ಹಿಂದೆ. ನಾಯಿಗಳು ಸೀತಾಪುರದ ತನಕ ಕೇಳುವಂತೆ ಬೊಗಳಿದವು. ಮರಳಿಗೆ ಬಿಟ್ಟ ಕೂಡಲೇ ಏಡಿ ಶಂಖದೊಳಗೆ ಹೊಕ್ಕು ಕೂತಿತು. ಹತ್ತು ನಿಮಿಷ ಕಾದೆವು. ಹೊರಬರಲೇ ಇಲ್ಲ. ನಾವೂ ಹೊಸ ಮನೆಗೆ ಹೋದ ಮೊದಲ ದಿನ ಹಾಗೇ ಕೂಡುತ್ತಿದ್ದೆವು.

ಮರುದಿನ ಸಮುದ್ರ ಜೋರಾಗಿದೆ, ಹಡಗಿಲ್ಲ ಅಂದರು. ಅದರ ಮರುದಿನ ಮಧ್ಯಾಹ್ನ ವಿಮಾನ. ಉಳಿದಿದ್ದು ನಾಲ್ಕು ರೊಟ್ಟಿ. ಜೆಟ್ಟಿಯ ಕಟ್ಟೆಯ ಮೇಲೆ ಕುಂತು ಎರಡನ್ನು ಮುರಿದು ಹಿಂಡಿ ಹಚ್ಚಿಕೊಂಡು ತಿಂದೆವು. "ಸಮುದ್ರ ಜಿಗಿಯಾಕ ಬರ್ತಿದ್ದವ ಒಬ್ಬವನೇ. ಅವನೂ ನಮ್ಮೂರ ಕಡೇನೇ ಉಳಿದ" ಅಂತ ನಮ್ಮಾಕಿ ನಿಟ್ಟುಸಿರುಬಿಟ್ಟಳು.

ಮರುದಿನ ಬೆಳಗಿನ ಹಡಗು ಹೊರಟಿತು. ಜನ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಂತಿ ಮಾಡುತ್ತ ಪೋರ್ಟ್ ಬ್ಲೇರ್ ಮುಟ್ಟಿದೆವು. ಅದರ ಹೆಸರು 2024ರಿಂದ ಶ್ರೀ ವಿಜಯಪುರಂ. ಅತ್ತೆಗೆ ಫೋನ್ ಮಾಡಿ "ವಿಜಯಪುರಂಗೆ ಬಂದ್ವಿ" ಅಂದೆ. "ಹಂಗಾರ ಸಂಜಿ ಬಸ್ಸಿಗೆ ಹತ್ರಿ, ರೊಟ್ಟಿ ಬಡದಿಟ್ಟಿರ್ತೀನಿ" ಅಂದರು.

ವಿಮಾನ ನಿಲ್ದಾಣದಲ್ಲಿ ನಮ್ಮಾಕಿಯ ಚೀಲ ಯಂತ್ರದೊಳಗೆ ಹೋದಾಗ ನಾನು ಉಸಿರು ಬಿಗಿಹಿಡಿದೆ. ಯಾವುದಾದರೂ ಚಿಪ್ಪು ಸೆರಗಲ್ಲಿ ಉಳಿದಿದ್ದರೆ? ಡಬ್ಬಿ ತೆಗೆಸಿದರು, ಮೂಸಿದರು, ಸೀನಿದರು, ಬಿಟ್ಟರು. ಆಕೆ ಆ ಕಡೆ ಹೋಗಿ ನಿಂತು ನನ್ನತ್ತ ನೋಡಿದಳು.

ನನ್ನ ಸರದಿ. ಮೊಣಕಾಲ ಹತ್ತಿರ ಯಂತ್ರ ಕುಂಯ್ ಅಂತು. ಜವಾನ ತೋರಿಸಿದ. ಅಲ್ಲೊಂದು ಜೇಬಿದೆ ಅನ್ನುವುದೇ ನನಗೆ ಮರೆತುಹೋಗಿತ್ತು. ಕೈ ಹಾಕಿದರೆ ಮರದ ಪುಟ್ಟ ಮೀನು, ಅದರ ಬಾಲಕ್ಕೆ ಕೀಲಿಕೈ, ಹೊಟ್ಟೆಯ ಮೇಲೆ ರೂಮ್ ನಂಬರ್ 4. ಲಾಡ್ಜು ಹಿಂದಿನ ದ್ವೀಪದಲ್ಲಿ, ನಡುವೆ ಎರಡು ತಾಸಿನ ಸಮುದ್ರ.

ವಿಮಾನ ಏರುವವರೆಗೆ ನಮ್ಮಾಕಿ ತುಟಿ ಪಿಟ್ ಅನ್ನಲಿಲ್ಲ. ಬೆಲ್ಟು ಕಟ್ಟಿಕೊಂಡ ಮೇಲೆ ಕಿಟಕಿಯತ್ತ ಮುಖ ಮಾಡಿಯೇ ಹೇಳಿದಳು: "ಏಳು ಮನಿ ಬಿಟ್ವಿ. ಕೀಲಿಕೈ ಮಾತ್ರ ಯಾವತ್ತೂ ಕೊಟ್ಟೇ ಬಂದಿದ್ವಿ."