ಚೀನಾದ ಬೆರಣಿ

"ಏನೋ ಇದು, ಚೀನಾದಿಂದ ಬೆರಣಿ ತಂದಿದೀಯಾ?" ಅಂದಳು ಅಮ್ಮ. ಅವಳ ತಪ್ಪೇನಿಲ್ಲ. ದುಂಡಗೆ, ಚಪ್ಪಟೆಯಾಗಿ, ಎಲೆ ಕಡ್ಡಿ ಎಲ್ಲ ಒತ್ತಿಕೊಂಡು ಕೂತ ಪುಎರ್ ಟೀಯ ಬಿಲ್ಲೆ ನೋಡೋಕೆ ಥೇಟ್ ಬೆರಣಿಯೇ. ತೂಕ 357 ಗ್ರಾಂ. ಏಳು ಬಿಲ್ಲೆ ಪೇರಿಸಿ ಬಿದಿರಿನ ಪೊರೆಯಲ್ಲಿ ಕಟ್ಟಿದರೆ ಎರಡೂವರೆ ಕಿಲೋಗೆ ಒಂದೇ ಗ್ರಾಂ ಕಮ್ಮಿ. ನಾನು ತಂದದ್ದು ಎರಡು: ಒಂದು ಮಾಗಿದ 'ಶೌ', ಇನ್ನೊಂದು ಹಸಿ 'ಶಂಗ್'.

ಇದರ ರುಚಿ ಹತ್ತಿದ್ದು ಚೀನಾದ ಯುನಾನ್ ಪ್ರಾಂತ್ಯದ ಕುನ್ಮಿಂಗ್‌ನಲ್ಲಿ, ಕೆಲಸದ ಮೇಲೆ ಹೋಗಿದ್ದಾಗ. ಅಂಗಡಿಯಾಕೆ ಶೌ ಬಿಲ್ಲೆಯ ಪಕ್ಕಕ್ಕೆ ದಬ್ಬಳದಂಥ ಕಡ್ಡಿ ತೂರಿಸಿ, ಪದರ ಎಬ್ಬಿಸಿ, ಏಳು ಗ್ರಾಂ ತೂಗಿದಳು. ಮುಚ್ಚಳವಿರುವ ಪುಟ್ಟ ಬಟ್ಟಲಿಗೆ ಹಾಕಿ ಕುದಿಯುವ ನೀರು ಸುರಿದಳು. ಹತ್ತು ಸೆಕೆಂಡೂ ಆಗಿರಲಿಲ್ಲ, ಅಷ್ಟನ್ನೂ ಬಸಿದು ತಟ್ಟೆಯಲ್ಲಿದ್ದ ಮಣ್ಣಿನ ಕಪ್ಪೆಗೆ ಅಭಿಷೇಕ ಮಾಡಿಬಿಟ್ಟಳು! ನನಗೆ ಹೊಟ್ಟೆ ಉರಿಯಿತು. ನಾವು ಅಕ್ಕಿ ತೊಳೆದು ನೀರು ಚೆಲ್ಲುವುದಿಲ್ವಾ, ಹಾಗೇ ಅದು. ಚೀನೀ ಭಾಷೆಯಲ್ಲೂ ಅದಕ್ಕೆ 'ಟೀ ತೊಳೆಯೋದು' ಅಂತಲೇ ಹೆಸರು.

ಎರಡನೆಯ ನೀರು ನನ್ನ ಪಾಲಿಗೆ ಬಂತು. ಬಣ್ಣ ನಮ್ಮ ಕಾಫಿ ಡಿಕಾಕ್ಷನ್ನಿನದು. ವಾಸನೆ, ಮಳೆಗಾಲದಲ್ಲಿ ಹಳೇ ಮನೆಯ ಅಟ್ಟ ಹತ್ತಿದಾಗ ಬರುತ್ತಲ್ಲ, ಅದು. ಕಹಿ ಇರುತ್ತೆ ಅಂತ ಮುಖ ಕಿವುಚಲು ಸಿದ್ಧನಾಗಿದ್ದೆ. ಗಂಜಿತಿಳಿಯ ಹಾಗೆ ನುಣ್ಣಗೆ ಇಳಿದುಹೋಯಿತು. ಅದೇ ಎಲೆಗೆ ಮತ್ತೆ ನೀರು, ಮತ್ತೆ ನೀರು. ಎಂಟನೆಯ ಸಲಕ್ಕೆ ನಾನು ಬಚ್ಚಲು ಎಲ್ಲಿ ಅಂತ ಕೇಳಬೇಕಾಯಿತು.

ಆ ಅಟ್ಟದ ವಾಸನೆಗೆ ಕಾರಣ ಮನುಷ್ಯನ ಅವಸರ. ಹಸಿ ಬಿಲ್ಲೆ ತಾನಾಗಿ ಮಾಗೋಕೆ ವರ್ಷಗಟ್ಟಲೆ ಬೇಕು. ಅಷ್ಟು ದಿನ ಯಾರು ಕಾಯ್ತಾರೆ? 1973ರಲ್ಲಿ ಕುನ್ಮಿಂಗ್ ಟೀ ಕಾರ್ಖಾನೆಯಲ್ಲಿ ಒಂದು ಉಪಾಯ ಹೂಡಿದರು. ಬಿಸಿಲಲ್ಲಿ ಒಣಗಿಸಿದ ಎಲೆಯನ್ನು ರಾಶಿ ಹಾಕು, ನೀರು ಚಿಮುಕಿಸು, ಹೊದಿಕೆ ಹಾಕು. ನಮ್ಮ ತಿಪ್ಪೆಯ ಲೆಕ್ಕಾಚಾರವೇ ಅಲ್ವಾ? ಒಳಗೆ ಸೂಕ್ಷ್ಮಜೀವಿಗಳು ಕೆಲಸಕ್ಕೆ ಇಳಿದರೆ ರಾಶಿಯ ಹೊಟ್ಟೆ 50–60 ಡಿಗ್ರಿಗೆ ಕಾಯುತ್ತದೆ. ಆಗಾಗ ಮಗುಚುತ್ತಿರಬೇಕು. ಒಂದೂವರೆ, ಎರಡು ತಿಂಗಳಿಗೆ ಕೆಲಸ ಮುಗಿಯುತ್ತದೆ. ನನಗಂತೂ ಇದು ಮೋಸ ಅನ್ನಿಸಲಿಲ್ಲ. ಚಳಿಗಾಲದಲ್ಲಿ ಅಮ್ಮ ದೋಸೆಹಿಟ್ಟಿನ ಪಾತ್ರೆಗೆ ಕಂಬಳಿ ಸುತ್ತಿ ಇಡೋದು ಮತ್ಯಾತಕ್ಕೆ?

ಹಸಿಯದ್ದು ಬೇರೆಯೇ ಜಾತಿ. ಮೊದಲ ಗುಟುಕಿಗೆ ನಾಲಿಗೆ ಒಗರೊಗರು, ಕಹಿ. ನುಂಗಿದ ಮೇಲೆ ಗಂಟಲಿನಿಂದ ಮೆಲ್ಲಗೆ ಸಿಹಿ ಏರಿಬರುತ್ತದೆ. ನೆಲ್ಲಿಕಾಯಿ ತಿಂದು ನೀರು ಕುಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಮಾಷೆ ಅಂದರೆ, ಚೀನೀಯರು ನೆಲ್ಲಿಕಾಯಿಗೆ ಇಟ್ಟ ಒಂದು ಹೆಸರಿನ ಅರ್ಥವೂ 'ಉಳಿಯುವ ಸಿಹಿ' ಅಂತಲೇ.

ಮನೆಗೆ ಬಂದವನೇ ಮುಚ್ಚಳದ ಬಟ್ಟಲು ಹಿಡಿದು ಬಸಿಯಲು ಹೋಗಿ ಹೆಬ್ಬೆರಳು ಸುಟ್ಟುಕೊಂಡೆ. ಸ್ಟೀಲ್ ಲೋಟ, ಟೀ ಸೋಸುವ ಜಾಲರಿಗೆ ಶರಣಾದೆ. ರುಚಿಯೇನೂ ಮುನಿಸಿಕೊಳ್ಳಲಿಲ್ಲ. ಅಮ್ಮ ಒಂದು ದಿನ ಸುಮ್ನೆ ಇರದೆ ಶೌಗೆ ಹಾಲು, ಸಕ್ಕರೆ, ಶುಂಠಿ ಹಾಕಿ ಕುದಿಸಿದಳು. ನಾನು ಬೆಚ್ಚಿಬಿದ್ದೆ. ಆಮೇಲೆ ನೆನಪಾಯಿತು, ಯುನಾನಿನಿಂದ ಹೇಸರಗತ್ತೆಗಳ ಮೇಲೆ ಬೆಟ್ಟ ಹತ್ತಿ ಬಂದ ಟೀಗೆ ಟಿಬೆಟಿನವರು ಬೆಣ್ಣೆ, ಉಪ್ಪು ಹಾಕಿ ಕಡೆದು ಕುಡಿದವರು. ಅಮ್ಮನದು ಅದಕ್ಕಿಂತ ಜಾಸ್ತಿ ಅಪರಾಧವೇನಲ್ಲ. ಆದರೆ ಹಸಿ ಬಿಲ್ಲೆಯನ್ನು ಇಂಗಿನ ಡಬ್ಬಿ ಪಕ್ಕ ಇಟ್ಟಿದ್ದಳಲ್ಲ, ಅದಕ್ಕೆ ಮಾತ್ರ ಜಗಳವಾಡಿದೆ. ಟೀ ಎಲೆ ಅಕ್ಕಪಕ್ಕದ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ.

ಈಗ ಅದು ನನ್ನ ಪುಸ್ತಕದ ಕಪಾಟಿನಲ್ಲಿದೆ. ಹತ್ತು ವರ್ಷ ಮುಟ್ಟಬಾರದು ಅಂತ ಕಾಗದದ ಮೇಲೆ ತಾರೀಖು ಬರೆದಿಟ್ಟಿದ್ದೇನೆ. ಮೊನ್ನೆ ಕಪಾಟು ಒರೆಸುತ್ತಿದ್ದ ಅಮ್ಮ ಬಿಲ್ಲೆ ತೆಗೆದು ತಿರುಗಿಸಿ ನೋಡಿದಳು.

"ಅಂಚೆಲ್ಲ ಹೋಗಿದೆಯಲ್ಲೋ, ಇಲಿ ಸೇರಿಕೊಂಡಿದೆ ಅನ್ಸುತ್ತೆ. ಬೋನು ಇಡ್ಲಾ?"

ಬೇಡಮ್ಮ ಅಂದೆ.