ಮಂಗಳಾರತಿ ಕಲಿಸಿದ್ದು ಅಜ್ಜಿಯೇ

ಬೈಗುಳಕ್ಕೆ ‘ಮಂಗಳಾರತಿ’, ಹೆಂಡಕ್ಕೆ ‘ತೀರ್ಥ’ ಎನ್ನುವುದು ದೇವರ ಭಯವಿಲ್ಲದ ಈಗಿನ ಹುಡುಗರು ಮೊಬೈಲ್‌ನಲ್ಲಿ ಹುಟ್ಟಿಸಿದ ಚಾಳಿ ಎಂದು ಲೇಖಕರೊಬ್ಬರು ತಮ್ಮ ಲೇಖನದಲ್ಲಿ ಬರೆದಿದ್ದಾರೆ. ಒಪ್ಪಲಾರೆ. ನಾನು ಈ ಮಾತನ್ನು ಮೊದಲು ಕೇಳಿದ್ದೇ ನಮ್ಮ ಅಜ್ಜಿಯ ಬಾಯಲ್ಲಿ. ಸ್ನಾನವಾಗದೆ ಒಲೆ ಮುಟ್ಟದ ಆಕೆ, ದೇವರ ಮನೆಯಲ್ಲಿ ಕೂತು ಹೂಬತ್ತಿ ಹೊಸೆಯುತ್ತಲೇ, “ನಿಮ್ಮಪ್ಪ ಬರಲಿ, ಇವತ್ತು ನಿನಗೆ ಮಂಗಳಾರತಿ ಇದೆ” ಎನ್ನುತ್ತಿದ್ದಳು. ಮುಖದ ಮುಂದೆ ತಟ್ಟೆ ಎತ್ತಿ ಬೆಳಗುವುದನ್ನು ದಿನವೂ ಕಂಡವರಿಗೆ ಹೊಳೆಯುವ ಹೋಲಿಕೆ ಅದು. ಸಹಸ್ರನಾಮವನ್ನು ಕೇಳಿಯೇ ಗೊತ್ತಿಲ್ಲದವನು ಬೈಗುಳದ ಸರಮಾಲೆಯನ್ನು ‘ಸಹಸ್ರನಾಮಾರ್ಚನೆ’ ಎಂದು ಹೇಗೆ ಕರೆದಾನು?

‘ತೀರ್ಥ’ಕ್ಕೆ ಸಂಸ್ಕೃತದಲ್ಲಿ ಮೂಲಾರ್ಥ ಹೊಳೆ ದಾಟುವ ಜಾಗ. ಅಲ್ಲಿಂದ ಸ್ನಾನಘಟ್ಟ, ಪುಣ್ಯಕ್ಷೇತ್ರ, ಆಮೇಲೆ ಉದ್ಧರಣೆಯಿಂದ ಅಂಗೈಗೆ ಬೀಳುವ ನೀರು. ಇಷ್ಟು ದೂರ ನಡೆದು ಬಂದ ಪದ ಇನ್ನೊಂದು ಹೆಜ್ಜೆ ಇಟ್ಟು ಬಾರಿಗೆ ಹೋದದ್ದು ಮಾತ್ರ ಅಪಚಾರವೇ? ನಿಂತುಹೋದ ಯೋಜನೆಗೆ ‘ಎಳ್ಳುನೀರು’ ಬಿಡುವ ಪತ್ರಿಕೆಗಳ ತಲೆಬರಹ ಲೇಖಕರ ಕಣ್ಣಿಗೆ ಬೀಳಲಿಲ್ಲವೇಕೆ? ಅದು ಪಿತೃಗಳಿಗೆ ಬಿಡುವ ತರ್ಪಣವಲ್ಲವೇ!

ನನಗೆ ಹಿಡಿಸದ್ದು ಒಂದೇ, ‘ಪಂಗನಾಮ’. ಚೀಟಿ ನಡೆಸುತ್ತಿದ್ದವನು ಹಣದೊಂದಿಗೆ ಪರಾರಿಯಾದ ಸುದ್ದಿ ಬಂದ ದಿನ ನಮ್ಮ ಕಚೇರಿಯಲ್ಲಿ ಎಲ್ಲರೂ ಆ ಮಾತನ್ನೇ ಹೇಳಿ ನಕ್ಕೆವು. ನಿತ್ಯವೂ ಹಣೆಗೆ ನಾಮ ಇಟ್ಟುಕೊಂಡು ಬರುವ ಸಹೋದ್ಯೋಗಿ ಮಾತ್ರ ತಲೆ ತಗ್ಗಿಸಿ ಊಟದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದರು.