ಹಿತ್ತಲ ಬಾಗಿಲಿನ ಕರೆಂಟು

‘ಬಾಲ್ಕನಿಗೆ ತೂಗುಹಾಕಿ, ಪ್ಲಗ್ ಸಿಕ್ಕಿಸಿ, ಬಿಲ್ ಮರೆತುಬಿಡಿ’ ಎಂಬ ಧಾಟಿಯ ಸೋಲಾರ್ ಪ್ಯಾನಲ್ಲಿನ ಜಾಹೀರಾತುಗಳು ಈಚೆಗೆ ಮೊಬೈಲ್ ಮುಟ್ಟಿದರೆ ಸಾಕು, ಬಂದು ಕೂರುತ್ತವೆ. ಬರಲಿ, ಬೇಡವೆಂದವರಾರು? ಮೈ ಉರಿಯುವುದು ಚಿತ್ರದ ಮೂಲೆಯ ಎಕ್ಸ್‌ಟೆನ್ಶನ್ ಬಾಕ್ಸ್ ಕಂಡಾಗ. ಫೋನ್ ಚಾರ್ಜರ್, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಪಕ್ಕದಲ್ಲೇ ಸೋಲಾರ್‌ನ ಪ್ಲಗ್ಗು. ಮಿಕ್ಕವೆಲ್ಲ ಕರೆಂಟು ತಿನ್ನುವವು, ಇದೊಂದು ಕರೆಂಟು ಕಕ್ಕುವುದು ಎಂಬ ಭೇದವೇ ಆ ಪುಣ್ಯಾತ್ಮರಿಗಿಲ್ಲ.

ಈ ಪದ್ಧತಿಯ ತವರು ಜರ್ಮನಿ. ಅಲ್ಲಿ ಬಾಡಿಗೆ ಮನೆಯವರೂ ಬಾಲ್ಕನಿ ಕಂಬಿಗೆ ಎರಡು ಪ್ಯಾನಲ್ ಬಿಗಿದು ಗೋಡೆಯ ಸಾಕೆಟ್ಟಿಗೆ ಜೋಡಿಸುತ್ತಾರೆ. 2024ರ ಮೇ ತಿಂಗಳಲ್ಲಿ ಪ್ಯಾನಲ್ಲಿನ ಕರೆಂಟನ್ನು ಮನೆಯ ಕರೆಂಟಿಗೆ ಹೊಂದಿಸುವ ಇನ್ವರ್ಟರಿನ ಮಿತಿ 600ರಿಂದ 800 ವಿಎಗೆ (ಹೆಚ್ಚುಕಡಿಮೆ ವ್ಯಾಟ್ ಎಂದೇ ಇಟ್ಟುಕೊಳ್ಳಿ) ಏರಿತು. ಪ್ಯಾನಲ್ಲುಗಳು ಒಟ್ಟು 2000 ವ್ಯಾಟ್ ಮೀರಬಾರದು. ಅದೇ ಅಕ್ಟೋಬರಿನಿಂದ ಮನೆ ಮಾಲೀಕ ಸುಮ್ಮಸುಮ್ಮನೆ ಬೇಡ ಎನ್ನುವಂತಿಲ್ಲ. ಅಲ್ಲಿರುವ ನಮ್ಮವರು ಊರಿಗೆ ಬರುವಾಗ ಚಾಕೊಲೇಟಿನ ಜತೆಗೆ ಇಂಥದೊಂದು ಪುಟ್ಟ ಇನ್ವರ್ಟರನ್ನೂ ಹೊತ್ತು ತಂದರೆ ಆಶ್ಚರ್ಯವಿಲ್ಲ. ಎರಡೂ ಕಡೆ 230 ವೋಲ್ಟ್, 50 ಹರ್ಟ್ಜ್. ಆದರೆ ಅವರ ಪ್ಲಗ್ಗಿನ ಅರ್ತ್ ಇರುವುದು ಪಕ್ಕದ ಪಟ್ಟಿಯಲ್ಲಿ. ನಮ್ಮ ಸಾಕೆಟ್ಟಿನಲ್ಲಿ ಎರಡು ಪಿನ್ನು ಹೇಗೋ ತುರುಕಿಕೊಳ್ಳುತ್ತವೆ, ಅರ್ತ್ ಮಾತ್ರ ಸಿಗುವುದಿಲ್ಲ.

ಎಂಟುನೂರು ವ್ಯಾಟ್ ಅಂದರೆ 3.5 ಆಂಪಿಯರ್. ಇಷ್ಟಕ್ಕೇನು ಭಯ ಎನ್ನುವವರು ಎಂಸಿಬಿಯ, ಅಂದರೆ ಕರೆಂಟು ಮಿತಿ ಮೀರಿದರೆ ತಾನೇ ಬಿದ್ದು ಲೈನು ಕಡಿಯುವ ಸ್ವಿಚ್ಚಿನ, ಸ್ವಭಾವ ತಿಳಿಯದವರು. 16 ಎಂದು ಬರೆದ ಎಂಸಿಬಿ 1.13 ಪಟ್ಟು, ಅಂದರೆ 18 ಆಂಪಿಯರಿನವರೆಗೆ ಬೀಳದೆ ನಿಲ್ಲಬೇಕು, 1.45 ಪಟ್ಟಾದರೆ ಒಂದು ಗಂಟೆಯೊಳಗೆ ಬೀಳಬೇಕು. ನಿಯಮವೇ ಹಾಗಿದೆ. ಈಗ ಅದೇ ಲೈನಿನಲ್ಲಿ ಸೋಲಾರ್ 3.5 ಸುರಿಯುತ್ತಿರುವಾಗ ಗೀಸರೂ ಇಸ್ತ್ರಿಪೆಟ್ಟಿಗೆಯೂ ಕೆಟಲೂ ಸೇರಿ 21 ಎಳೆದರೆ, ಎಂಸಿಬಿಗೆ ಕಾಣುವುದು 17.5 ಮಾತ್ರ. ಮುಂಬಾಗಿಲ ಕಾವಲುಗಾರನಿಗೆ ಹಿತ್ತಲಿಂದ ಬಂದವರ ಲೆಕ್ಕ ಎಲ್ಲಿ ಸಿಗಬೇಕು? ಬಿಸಿಯಾಗುವುದು ಗೋಡೆಯೊಳಗಿನ ವೈರು. 4 ಚದರ ಮಿಲಿಮೀಟರಿನ ತಾಮ್ರವಾದರೆ ತಡೆದೀತು. ಹಳೆಯ ಮನೆಯ 1.5ರ ವೈರಿಗೆ ಯಾರೋ 16ರ ಎಂಸಿಬಿ ಹಾಕಿ ಹೋಗಿದ್ದರೆ ದೇವರೇ ಗತಿ. ಪರಿಹಾರ ಸುಲಭ: ಬೋರ್ಡಿನಿಂದ ಬೇರೆಯದೇ 2.5ರ ವೈರು, ಅದಕ್ಕೊಂದು 6 ಆಂಪಿಯರಿನ ಎಂಸಿಬಿ, ಕರೆಂಟು ಸೋರಿದರೆ ಲೈನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಆ ಲೈನಿನಲ್ಲಿ ಬೇರೆ ಯಾವ ಸಾಕೆಟ್ಟೂ ಬೇಡ. ಆಗ ‘ಸಿಕ್ಕಿಸಿದರೆ ಸಾಕು’ ಎಂಬ ಮಾತು ಸುಳ್ಳಾಗುತ್ತದೆ. ಆಗಲಿ.

ಕರೆಂಟು ಹೋದಾಗ ಸೋಲಾರ್ ಉರಿಯುತ್ತದಲ್ಲ ಎಂಬ ಆಸೆಯನ್ನೂ ಇಲ್ಲೇ ಬಿಡಬೇಕು. ಗ್ರಿಡ್, ಅಂದರೆ ಬೀದಿಯಿಂದ ಬರುವ ಲೈನು, ಸತ್ತ ಕೂಡಲೇ ಈ ಇನ್ವರ್ಟರ್ ಕಣ್ಣೆವೆ ಇಕ್ಕುವಷ್ಟರಲ್ಲಿ ನಿಲ್ಲಲೇಬೇಕು. ಇಲ್ಲದಿದ್ದರೆ ಕೈಯಲ್ಲಿ ಕಿತ್ತ ಪ್ಲಗ್ಗಿನ ಪಿನ್ನೂ, ಕಂಬ ಹತ್ತಿದ ಲೈನ್‌ಮನ್ನಿನ ತಂತಿಯೂ ಜೀವಂತವಾಗಿರುತ್ತವೆ. ಇನ್ನು ಇದನ್ನು ಮನೆಯ ಯುಪಿಎಸ್‌ನ ಲೈನಿಗೆ ಸಿಕ್ಕಿಸುವ ಬುದ್ಧಿವಂತರಿದ್ದಾರೆ. ಯುಪಿಎಸ್ ಕೊಡುವ ಕರೆಂಟನ್ನೇ ಗ್ರಿಡ್ ಎಂದು ನಂಬಿ ಸೋಲಾರ್ ಇನ್ವರ್ಟರ್ ಸ್ವಲ್ಪ ಹೊತ್ತು ಕಾದು ಶುರುವಾಗುತ್ತದೆ; ಫ್ಯಾನು, ದೀಪ ತಿಂದು ಮಿಕ್ಕದ್ದನ್ನೆಲ್ಲ ಯುಪಿಎಸ್‌ನೊಳಕ್ಕೆ ತಳ್ಳುತ್ತದೆ; ಬ್ಯಾಟರಿ ಉಕ್ಕುತ್ತದೆ, ಇಲ್ಲವೇ ಯುಪಿಎಸ್ಸಿನ ಒಳಗಿನ ಮಾಸ್‌ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚುಗಳು ಸುಡುತ್ತವೆ. ವಿದ್ಯುತ್ ಕಂಪನಿಯ (ಎಸ್ಕಾಂ) ಅನುಮತಿಯಿಲ್ಲದೆ ಹಾಕಿದವರಿಗೆ ಇನ್ನೊಂದು ಬಹುಮಾನವುಂಟು: ಹೊರಕ್ಕೆ ಹರಿದದ್ದನ್ನೂ ಬಳಕೆಯೆಂದೇ ಎಣಿಸುವ ಡಿಜಿಟಲ್ ಮೀಟರುಗಳಿವೆ. ಕೊಟ್ಟ ಕರೆಂಟಿಗೂ ಬಿಲ್ಲು!

ದಿಕ್ಕಿನ ಮಾತಂತೂ ಯಾರೂ ಎತ್ತುವುದಿಲ್ಲ. ಜರ್ಮನಿಯಲ್ಲಿ ಸೂರ್ಯ ಸದಾ ದಕ್ಷಿಣಕ್ಕೆ ಬಾಗಿರುವುದರಿಂದ ನೆಟ್ಟಗೆ ನಿಲ್ಲಿಸಿದ ಪ್ಯಾನಲ್ಲೂ ದುಡಿಯುತ್ತದೆ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ದಕ್ಷಿಣದ ಬಾಲ್ಕನಿಗೆ ಆಗ ಪ್ಯಾನಲ್ಲಿನ ಬೆನ್ನಿಗೆ ಬಿಸಿಲು. ಇಲ್ಲೇನಿದ್ದರೂ ತಾರಸಿಯೇ ಸರಿ, ಹತ್ತು ಹದಿನೈದು ಡಿಗ್ರಿ ಓರೆಯಾಗಿ.

ಹಾಗೆ ತಾರಸಿಯ ಮೇಲಿಟ್ಟ ಎರಡು ಪ್ಯಾನಲ್ಲಿಗೆ ಒಳ್ಳೆಯ ಬಿಸಿಲಿನ ದಿನ ಮೂರರಿಂದ ನಾಲ್ಕು ಯೂನಿಟ್. ಅಷ್ಟೇನಾ ಎಂದು ಮೂಗು ಮುರಿಯುವವರನ್ನು ಕಂಡರೆ ಬ್ಯಾಟರಿಯ ರೇವಾ ಕಾರು ನೆನಪಾಗುತ್ತದೆ. 2001ರಲ್ಲಿ ಬೆಂಗಳೂರಿನಲ್ಲೇ ತಯಾರಾಗಿ ರಸ್ತೆಗಿಳಿದ ಪುಟಾಣಿ. ಉದ್ದ ಎರಡೂ ಮುಕ್ಕಾಲು ಮೀಟರೂ ಇಲ್ಲ. ಮುಂದೆ ಇಬ್ಬರು, ಹಿಂದೆ ಮಕ್ಕಳು. ದೊಡ್ಡವರು ಕೂತರೆ ಮಂಡಿ ಗಲ್ಲಕ್ಕೆ. ಸೀಟಿನ ಕೆಳಗೆ 6 ವೋಲ್ಟಿನ ಎಂಟು ಲೆಡ್ ಆಸಿಡ್ ಬ್ಯಾಟರಿ, 200 ಆಂಪಿಯರ್ ಅವರ್. ಒಟ್ಟು 9.6 ಯೂನಿಟ್, ಕಂಪನಿಯ ಲೆಕ್ಕದಲ್ಲಿ 80 ಕಿಲೋಮೀಟರ್. ಮನೆಯ 15 ಆಂಪಿಯರಿನ ಸಾಕೆಟ್ಟು ಸಾಕಿತ್ತು. ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಾಡಿತು, ಊರ ನಡುವಿಗೆ ಬರುವ ಕಾರುಗಳಿಗೆ ಹಾಕುವ ದಟ್ಟಣೆ ಸುಂಕ ಕಟ್ಟದೆ. ಅಲ್ಲಿನ ಟಿವಿಯವರು ಆಡಿಕೊಂಡು ನಕ್ಕರು. ನಾವೇನು ಕಡಮೆ? ಆಟಿಕೆ ಎಂದೆವು.

ಅದಕ್ಕೆ ಆರೈಕೆ ಬೇಕಿತ್ತು, ನಿಜ. ಡಿಸ್ಟಿಲ್ಡ್ ವಾಟರ್ ಬಿಟ್ಟು ನಲ್ಲಿ ನೀರು ಹಾಕಿದರೆ ಕೆಟ್ಟಿತು. ಪೂರ್ತಿ ಖಾಲಿ ಮಾಡಿ ನಾಲ್ಕು ದಿನ ನಿಲ್ಲಿಸಿದರೆ ಪ್ಲೇಟಿನ ಮೇಲೆ ಸಲ್ಫೇಟ್ ಕಟ್ಟಿ ಮತ್ತೆ ಏಳುತ್ತಿರಲಿಲ್ಲ. ಎಂಟೂ ಸರಣಿಯಲ್ಲಿರುವುದರಿಂದ ಒಂದು ಸೊರಗಿದರೆ ಏಳನ್ನೂ ಎಳೆದುಕೊಂಡು ಹೋಗುತ್ತಿತ್ತು. ಚಾರ್ಜಾಗಿ ಕೆಲವು ಗಂಟೆ ಬಿಟ್ಟು ಒಂದೊಂದನ್ನೇ ಮೀಟರಿನಲ್ಲಿ ನೋಡಬೇಕು: 6.3 ವೋಲ್ಟಿನ ಮೇಲಿದ್ದರೆ ಕ್ಷೇಮ, ಯಾವುದೋ ಒಂದು 6ಕ್ಕಿಳಿದಿದ್ದರೆ ಅದೇ ಕಳ್ಳ. ಹಳೆಯ ಏಳರ ನಡುವೆ ಹೊಸದೊಂದನ್ನು ತಂದಿಟ್ಟರೆ ಹೊಸದೂ ಬೇಗ ಹಾಳು. ಟರ್ಮಿನಲ್ಲಿನ ಬಿಳಿ ಪುಡಿಯನ್ನು ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಒಣಗಿಸಿ, ವ್ಯಾಸಲೀನ್ ಸವರಬೇಕು. ಇದೆಲ್ಲ ಭಾನುವಾರದ ಒಂದು ಗಂಟೆಯ ಕೆಲಸ. ಅಷ್ಟು ಪುರುಸೊತ್ತಿಲ್ಲದ ನಾವು ಈಗ ಎರಡು ಟನ್ನಿನ ಬ್ಯಾಟರಿ ಕಾರಿನಲ್ಲಿ ಒಬ್ಬೊಬ್ಬರೇ ಕೂತು ಹೊರವರ್ತುಲ ರಸ್ತೆಯಲ್ಲಿ ದಿನಕ್ಕೆರಡು ಗಂಟೆ ನಿಂತಿರುತ್ತೇವೆ.

ಮೂರು ಯೂನಿಟ್ಟಿಗೆ ಆ ದೊಡ್ಡ ಕಾರು ಹದಿನೈದಿಪ್ಪತ್ತು ಕಿಲೋಮೀಟರ್ ಹೋದರೆ ಹೆಚ್ಚು. ಇ-ಸ್ಕೂಟರ್ 85ಕ್ಕೆ ಮೋಸ ಮಾಡುವುದಿಲ್ಲ. ಅದರ ಚಾರ್ಜರೂ ಸುಮಾರು 750 ವ್ಯಾಟಿನದು; ಎರಡು ಪ್ಯಾನಲ್ಲಿನ ನಡುಹಗಲ ದುಡಿಮೆಗೆ ಹೇಳಿ ಮಾಡಿಸಿದ ಜೋಡಿ. ತೊಡಕು ಒಂದೇ: ನಡುಹಗಲಲ್ಲಿ ಪ್ಯಾನಲ್ ಮನೆಯ ತಾರಸಿಯಲ್ಲಿ, ಸ್ಕೂಟರ್ ಆಫೀಸಿನ ಬೇಸ್‌ಮೆಂಟಿನಲ್ಲಿ. ಅಲ್ಲಿ ಸಾಕೆಟ್ ಇಲ್ಲವೆಂದಲ್ಲ. ಕಂಬಕ್ಕೊಂದಿದೆ, 16 ಆಂಪಿಯರಿನದೇ. ಸೆಕ್ಯುರಿಟಿಯವರನ್ನು ಕೇಳಿದರೆ ಅದು ನೆಲ ಒರೆಸುವ ಮಷೀನಿಗಂತೆ.